ಬಾಲ ತೋರಿಸಿ ಒಳಗೆ ಬನ್ನಿ

ಅಮ್ಮನ ಗಂಟಲು ಕಟ್ಟಿದ್ದು ಸೋಮವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. ಹೀಗೆ ನಿಮಿಷ ಸಮೇತ ಹೇಳುವುದು ನನ್ನ ವೃತ್ತಿದೋಷ. ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನೀರು ಚೆನ್ನಾಗಿದೆ ಎಂದು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. 'ಪರೀಕ್ಷಿಸಿದ ಮಾದರಿಯಲ್ಲಿ ದೋಷ ಕಂಡುಬಂದಿಲ್ಲ' ಎಂದು ಬರೆಯುತ್ತೇವೆ. ಈ ಒಂದು ಒಳ್ಳೆಯ ಅಭ್ಯಾಸದಿಂದ ಇಪ್ಪತ್ತೆರಡು ಮಕ್ಕಳು, ಅವರ ನೆಂಟರಿಷ್ಟರು, ಒಬ್ಬ ಡಾಕ್ಟರು ಮತ್ತು ಒಬ್ಬ ತಪಾಸಣಾಧಿಕಾರಿ ಎಷ್ಟು ಕಷ್ಟಪಡಬಹುದು ಎಂಬುದು ಆ ವಾರದವರೆಗೆ ನನಗೆ ತಿಳಿದಿರಲಿಲ್ಲ.

ನಮ್ಮ ರಸ್ತೆಯ ಕೊನೆಗೆ, ಟೈಲರ್ ಅಂಗಡಿಯ ಪಕ್ಕದ ಹಳೆಯ ಮನೆಯಲ್ಲಿ ಅಕ್ಕ ಒಂದು ಶಿಶುವಿಹಾರ ನಡೆಸುತ್ತಾಳೆ. ದಿನಾ ಹನ್ನೊಂದು ಗಂಟೆಗೆ ಅಮ್ಮ ಅಲ್ಲಿಗೆ ಹೋಗಿ, ಕಾಲು ಚಾಚಿ ಕೂತು, ನಲವತ್ತು ನಿಮಿಷ ಕಥೆ ಹೇಳುತ್ತಾಳೆ. ಎಲ್ಲವೂ ಅವಳ ಅಜ್ಜಿ ಅವಳಿಗೆ ಹೇಳಿದ ಕಥೆಗಳು. ಅವುಗಳಲ್ಲಿ ಪ್ರಾಣಿಗಳು ಮಾತಾಡುತ್ತವೆ, ರಾಜರು ಮಾತ್ರ ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿಗೆ ಇದು ಸರಿಕಾಣಲಿಲ್ಲ. ಅವರು ವರದಿಯಲ್ಲಿ ಹೀಗೆ ಬರೆದು ಹೋಗಿದ್ದರು: 'ಅಜ್ಜಿ ಕಥೆಗಳಿಗಾಗಿ ದಿನಕ್ಕೆ ನಲವತ್ತು ನಿಮಿಷ ವ್ಯಯವಾಗುತ್ತಿದೆ. ಇವುಗಳಿಂದ ಮಕ್ಕಳ ಮೇಲೆ ಯಾವ ಪರಿಣಾಮವೂ ಆದಂತೆ ಕಾಣುವುದಿಲ್ಲ. ಮುಂದಿನ ತಪಾಸಣೆಯೊಳಗೆ ಪರಿಣಾಮಕ್ಕೆ ಆಧಾರ ಒದಗಿಸದಿದ್ದಲ್ಲಿ ಪರವಾನಗಿ ನವೀಕರಿಸಲಾಗದು.'

ಮುಂದಿನ ತಪಾಸಣೆ ಈ ವಾರವೇ ಇತ್ತು. ಯಾವ ದಿನ ಎಂದು ಇಲಾಖೆ ತಿಳಿಸಿರಲಿಲ್ಲ.

ಆಧಾರ ಒದಗಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಮನೆಯಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ. ನಾನು ಒಂದು ವಾರ ರಜೆ ಹಾಕಿ, ನಾಲ್ಕು ಕಾಲಮ್ಮಿನ ಒಂದು ಹಾಳೆ ತಯಾರಿಸಿದ್ದೆ. ಕಥೆಗೆ ಮುನ್ನ ಮಕ್ಕಳು ನಿಮಿಷಕ್ಕೆ ಎಷ್ಟು ಸಲ ಅಲುಗಾಡುತ್ತಾರೆ, ಕಥೆಯ ನಂತರ ಎಷ್ಟು ಸಲ. ಎಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ ಅಮ್ಮನ ಗಂಟಲು ಕಟ್ಟಿತು.

"ಐದು ದಿನ ಮಾತಾಡೋ ಹಾಗಿಲ್ಲ. ಪಿಸುಮಾತೂ ಕೂಡದು," ಎಂದರು ಮನೆಗೆ ಬಂದ ಡಾಕ್ಟರು.

"ಪೂರ್ತಿ ಐದು ದಿನಾನಾ?" ಎಂದು ಭಾವ ಕೇಳಿದರು. ಅವರ ದನಿಯಲ್ಲಿದ್ದದ್ದು ಆತಂಕವೇ ಎಂದು ನಾನು ಖಚಿತವಾಗಿ ಹೇಳಲಾರೆ.

ಅಮ್ಮ ಮೊಮ್ಮಗಳು ಪುಟ್ಟಿಯ ಸ್ಲೇಟನ್ನು ಎಳೆದುಕೊಂಡು 'ಕಿವಿ ಸರಿಯಾಗಿದೆ' ಎಂದು ಬರೆದು ಅಳಿಯನ ಮುಖಕ್ಕೆ ಹಿಡಿದಳು.

ಡಾಕ್ಟರು ಹೋದ ಮೇಲೆ ಅಕ್ಕ ಕುರ್ಚಿಯಲ್ಲಿ ಕುಸಿದಳು. "ಇವತ್ತೋ ನಾಳೆಯೋ ಆ ಮನುಷ್ಯ ಬಂದು ನಿಲ್ತಾನೆ. ಕಥೆ ಹೇಳೋರೇ ಇಲ್ದೆ ಕಥೆಯಿಂದ ಇಂಥ ಪರಿಣಾಮ ಆಗತ್ತೆ ಅಂತ ಹೇಗೆ ತೋರಿಸ್ಲಿ? ಹನ್ನೆರಡು ವರ್ಷ ನಡೆಸಿದ ಶಾಲೆ ಒಂದು ಗಂಟಲಿಂದ ಮುಚ್ಚಿಹೋಗತ್ತೆ."

"ನಾನು ಹೇಳ್ತೀನಿ ಬಿಡು," ಎಂದೆ.

ಅಕ್ಕ ಭಾವನ ಮುಖ ನೋಡಿದಳು, ಭಾವ ಅಮ್ಮನ ಮುಖ ನೋಡಿದರು.

"ಅದ್ರಲ್ಲೇನಿದೆ ಅಕ್ಕ? ಮೊದಲು ಇದು, ಆಮೇಲೆ ಅದು, ಆಮೇಲೆ ಇನ್ನೊಂದು. ನಮ್ಮ ಲ್ಯಾಬಿನ ವಿಧಾನಗಳು ಇದಕ್ಕಿಂತ ಕಷ್ಟ ಇವೆ."

"ಹೋದ ಸಲ ಪುಟ್ಟಿ ಹುಟ್ಟಿದ ದಿನ ಬಂದ ಮಕ್ಕಳಿಗೆ ಏನಾದ್ರೂ ಹೇಳೋ ಅಂದ್ರೆ, ಕೈ ತೊಳೆಯೋ ಹನ್ನೊಂದು ಹಂತ ಹೇಳ್ದೆ ನೀನು."

"ಎಲ್ಲರೂ ಕೇಳಿದ್ರಲ್ಲ."

"ಅಳ್ತಾ ಕೇಳಿದ್ರು."

ಆದರೂ ಬೇರೆ ದಾರಿ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಕಥೆಯ ಹಸ್ತಾಂತರ ನಡೆಯಿತು. ಅಮ್ಮ ಸ್ಲೇಟಿನಲ್ಲಿ ಬರೆಯುವಳು, ನಾನು ನನ್ನ ಲ್ಯಾಬ್ ಪುಸ್ತಕಕ್ಕೆ ನಕಲು ಮಾಡಿಕೊಳ್ಳುವೆನು, ಅವಳು ಒರೆಸಿ ಮುಂದಿನದನ್ನು ಬರೆಯುವಳು. ಒಟ್ಟು ಏಳು ಸ್ಲೇಟು ಎಂದು ಅವಳು ಬೆರಳು ತೋರಿಸಿ ಮೊದಲೇ ತಿಳಿಸಿದ್ದಳು.

ಕಥೆ ಇದು. ಒಂದೂರಲ್ಲಿ ಒಬ್ಬಳು ಅಜ್ಜಿ, ಅವಳಿಗೊಬ್ಬ ಮೊಮ್ಮಗಳು. ಒಂದು ದಿನ ಉದ್ದ ಕೋಟು ತೊಟ್ಟವರೊಬ್ಬರು ಬಾಗಿಲು ತಟ್ಟಿ, "ನಾನು ನಿಮ್ಮ ದೂರದ ನೆಂಟ" ಎಂದರು. ಒಳಗೆ ಬಂದು ಮಡಕೆಯಲ್ಲಿದ್ದ ಅನ್ನವನ್ನೆಲ್ಲ ಉಂಡು, ಹಾಲನ್ನೆಲ್ಲ ಕುಡಿದು, ಒಂದು ಲೋಟವನ್ನೂ ತೊಳೆಯದೆ ಹೋದರು. ಮರುದಿನ ಅದೇ ಕೋಟಿನಲ್ಲಿ ಇನ್ನೊಬ್ಬ ದೂರದ ನೆಂಟ, ಈ ಸಲ ಕನ್ನಡಕ. ಅದರ ಮರುದಿನ ಇನ್ನೊಬ್ಬ, ಈ ಸಲ ಟೋಪಿ. ಮೊಮ್ಮಗಳು ಅಜ್ಜಿಯ ಕಿವಿಯಲ್ಲಿ, "ನಮ್ಮ ನೆಂಟರೆಲ್ಲ ಯಾಕೆ ಗೋಡೆಗೆ ಬೆನ್ನು ಕೊಟ್ಟೇ ನಿಲ್ತಾರೆ?" ಎಂದಳು. ನಾಲ್ಕನೇ ದಿನ ಅಜ್ಜಿ ಹೊಸ್ತಿಲಲ್ಲೇ ತಡೆದು, "ನೆಂಟರೇ, ಒಂದು ಸಲ ಹಿಂದೆ ತಿರುಗಿ" ಎಂದಳು. ತಿರುಗಿದರು. ಕೋಟಿನ ಕೆಳಗೆ ಒಂದು ಮೊಳ ಬಾಲ. ಬಂದದ್ದು ನರಿ.

ಇದು ಆರನೇ ಸ್ಲೇಟು. ಅಷ್ಟಕ್ಕೆ ನನ್ನ ಪೆನ್ನಿನ ಇಂಕು ಮುಗಿಯಿತು. ಬೇರೆ ಪೆನ್ನು ಹುಡುಕಿ ತರುವಷ್ಟರಲ್ಲಿ ಅಮ್ಮ ಏಳನೆಯದನ್ನು ಬರೆದಿಟ್ಟು ಉಪ್ಪುನೀರು ಮುಕ್ಕಳಿಸಲು ಹೋಗಿದ್ದಳು. ಸ್ಲೇಟಿನ ಮೇಲೆ ಹತ್ತು ಅಂಕಿಗಳಿದ್ದವು. ಪಕ್ಕದಲ್ಲಿ ಭಾವ ಫೋನು ಹಿಡಿದು ನಿಂತಿದ್ದರು.

"ಭಾವ, ಇದ್ರಲ್ಲೇನೋ ಬರೆದಿತ್ತಲ್ಲ?"

"ಏನೋ ಗೀಚಿತ್ತು. ಪುಟ್ಟೀದು ಅಂತ ಒರೆಸ್ದೆ. ಪ್ಲಂಬರ್ ನಂಬರ್ ಬರ್ಕೋಬೇಕಿತ್ತು."

"ಅದು ಅಮ್ಮಂದು. ಕಥೆಯ ಕೊನೆ."

ಭಾವ ಅಡುಗೆಮನೆಯ ಕಡೆ ನೋಡಿದರು. "ಅತ್ತೆಗೆ ಹೇಳ್ಬೇಡ ಕಣಯ್ಯ. ಮಾತಾಡೋವಾಗ ಆದ್ರೆ ಹೇಗೋ ತಡ್ಕೊಳ್ತಿದ್ದೆ. ಅವರು ಬರೆದು ತೋರಿಸೋದನ್ನ ತಡ್ಕೊಳ್ಳಕ್ಕಾಗ್ತಿಲ್ಲ."

ಅಮ್ಮ ಬಂದು, ಆಯಿತಾ ಎಂಬಂತೆ ಗದ್ದ ಎತ್ತಿದಳು. ನಾನೂ ಭಾವನೂ ಒಟ್ಟಿಗೆ ತಲೆಯಾಡಿಸಿದೆವು. ಅವಳಿಗೆ ಪೂರ್ತಿ ನಂಬಿಕೆ ಬಂದಂತಿರಲಿಲ್ಲ. ಸ್ಲೇಟು ಒರೆಸಿ, 'ಕಥೇನ ಗಂಟು ಹಾಕಿ ಮುಗಿಸು. ಬಿಚ್ಚಿದ್ದನ್ನ ಮಕ್ಕಳ ಕೈಲಿ ಮನೆಗೆ ಕಳಿಸ್ಬೇಡ' ಎಂದು ಬರೆದಳು. ಅದನ್ನೂ ನಾನು ನಕಲು ಮಾಡಿಕೊಂಡೆ. ಆದರೆ 'ಷರಾ' ಎಂಬ ಕಾಲಮ್ಮಿನಲ್ಲಿ. ನಮ್ಮ ಲ್ಯಾಬಿನಲ್ಲಿ ಷರಾ ಓದುವ ರೂಢಿಯಿಲ್ಲ.

ಹನ್ನೊಂದು ಗಂಟೆಗೆ ನಾನು ಮಕ್ಕಳ ನಡುವೆ ಕೂತೆ. ಅಕ್ಕ ಒಳಕೋಣೆಯಲ್ಲಿ ತಪಾಸಣೆಯ ಕಡತ ಜೋಡಿಸುತ್ತಿದ್ದಳು. ಆರು ಸ್ಲೇಟಿನವರೆಗೆ ಒಂದು ಅಕ್ಷರ ತಪ್ಪಿಸದೆ ಓದಿದೆ. ಮುಂದಿನ ಸಾಲಿನಲ್ಲಿ ಎರಡು ಜುಟ್ಟು ಕಟ್ಟಿಕೊಂಡ ಐದು ವರ್ಷದ ಹುಡುಗಿಯೊಬ್ಬಳಿದ್ದಳು. ಪ್ರಶ್ನೆಗಳೆಲ್ಲ ಅವಳ ಮೂಲಕವೇ ಬರುತ್ತಿದ್ದವು.

"ಕೋಟು ಯಾವ ಬಣ್ಣ ಮಾಮ?"

"ಬಣ್ಣ ಬರೆದಿಲ್ಲ."

"ಹಾಗಾದ್ರೆ ಯಾವ ಬಣ್ಣ ಬೇಕಾದ್ರೂ ಇರ್ಬೋದು," ಎಂದು ಅವಳು ಉಳಿದವರಿಗೆ ತಿಳಿಸಿದಳು.

ಬಾಲ ಕಾಣಿಸಿತು, ಬಂದದ್ದು ನರಿ ಎಂದೆ. ಪುಸ್ತಕ ಮುಚ್ಚಿದೆ. ಕೊನೆ ತಾನಾಗಿ ಹೊಳೆಯುತ್ತದೆ ಎಂದು ನಂಬಿದ್ದೆ. ಹೊಳೆಯಲಿಲ್ಲ.

"ಆಮೇಲೆ?" ಎಂದಿತು ಎರಡು ಜುಟ್ಟು.

"ಆಮೇಲೆ ಏನಾಯ್ತು ಅನ್ನೋದಕ್ಕೆ ನನ್ನ ಹತ್ರ ದಾಖಲೆ ಇಲ್ಲ."

"ನರಿ ಹೋಯ್ತಾ?"

"ಹೋಗಿರ್ಬೋದು."

"ಎಲ್ಲಿಗೆ?"

"ಅದನ್ನ ಹೇಳಕ್ಕಾಗಲ್ಲ."

"ನಮ್ಮ ಮನೆಗಳಿಗೆ ಬರತ್ತಾ?"

ಬೇರೆ ಯಾರೇ ಆಗಿದ್ದರೂ ಇಲ್ಲ ಎಂದುಬಿಡುತ್ತಿದ್ದರು. ನಾನು ಯೋಚಿಸಿದೆ. ಕಥೆ ನಡೆದ ಊರು ಎಷ್ಟು ದೂರ ಎಂದು ಎಲ್ಲೂ ಹೇಳಿರಲಿಲ್ಲ. "ಬರೋ ಸಾಧ್ಯತೆ ತುಂಬಾ ಕಡಿಮೆ," ಎಂದೆ.

"ಆದ್ರೆ ಇದೆ."

"ಶೂನ್ಯ ಅಂತ ಹೇಳೋದು ಸರಿಯಾಗಲ್ಲ."

ಇಪ್ಪತ್ತೆರಡು ಜೊತೆ ಕಣ್ಣುಗಳು ನಿಧಾನವಾಗಿ ಬಾಗಿಲ ಕಡೆ ತಿರುಗಿದವು. ನಾನು ಗಡಿಯಾರ ಹಿಡಿದು ಎಣಿಸಿದೆ. ಕಥೆಗೆ ಮುನ್ನ ನಿಮಿಷಕ್ಕೆ ನಲವತ್ತೊಂದು ಅಲುಗಾಟ, ಕಥೆಯ ನಂತರ ಸೊನ್ನೆ. ಇಷ್ಟು ಸ್ಪಷ್ಟವಾದ ಫಲಿತಾಂಶವನ್ನು ಹದಿನೇಳು ವರ್ಷದಲ್ಲಿ ನಾನು ಕಂಡಿರಲಿಲ್ಲ. ಮನೆಗೆ ಬಂದು, "ಮಕ್ಕಳು ಉಸಿರು ಬಿಡದೆ ಕೂತಿದ್ರು" ಎಂದು ಎಲ್ಲರಿಗೂ ಹೇಳಿದೆ. ಅದು ಅಕ್ಷರಶಃ ನಿಜ.

ಪರಿಣಾಮದ ಮೊದಲ ಗುರುತು ಸಂಜೆ ಐದೂವರೆಗೆ ನಮ್ಮ ಮನೆಯಲ್ಲೇ ಕಾಣಿಸಿತು. ಭಾವ ಆಫೀಸಿನಿಂದ ಬಂದು ಬೆಲ್ಲು ಒತ್ತಿದರು. ಬೆಳಿಗ್ಗೆ ಉಳಿದ ಮಕ್ಕಳೊಂದಿಗೆ ಕಥೆ ಕೇಳಿದ್ದ ಪುಟ್ಟಿ ಕಿಟಕಿ ಹತ್ತಿ, "ತಿರುಗಿ" ಎಂದಳು. ಏನೋ ಆಟವೆಂದು ಅವರು ತಿರುಗಿದರು. ಒಳಗೆ ಬಂದು ನಾಲ್ಕು ಬಿಸ್ಕತ್ತು ತಿಂದು, ಕಾಫಿ ಕುಡಿದು, ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ಗೋಡೆಗೆ ಒರಗಿದರು. ಪುಟ್ಟಿ ಗೋಡೆಗೂ ಅವರಿಗೂ ನಡುವೆ ಇಣುಕಿ ನೋಡಿದಳು.

"ಅಪ್ಪ, ಲೋಟ ತೊಳೆದುಬಿಡು."

"ಯಾಕೆ ಪುಟ್ಟಿ?"

"ತಿಂದು ಸುಮ್ನೆ ಕೂತ್ರೆ ಅನುಮಾನ ಬರತ್ತೆ."

ಭಾವ ಎದ್ದು ಹೋಗಿ ಲೋಟ ತೊಳೆದರು. ಮದುವೆಯಾದ ಎಂಟು ವರ್ಷದಲ್ಲಿ ಇದು ಮೊದಲ ಸಲ. ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ಗೌರವದಿಂದ ದಾರಿ ಬಿಟ್ಟಳು. ಅಮ್ಮ ಸ್ಲೇಟಿನಲ್ಲಿ 'ಏನು ನಡೀತಿದೆ?' ಎಂದು ಬರೆದಳು.

"ಕಥೆಯ ಪರಿಣಾಮ ಅಮ್ಮ," ಎಂದೆ ಹೆಮ್ಮೆಯಿಂದ.

ಆರು ಗಂಟೆಗೆ ಡಾಕ್ಟರ ಫೋನು ಬಂತು. "ನಿಮ್ಮ ಶಾಲೆಯ ಮಗು ಒಂದು ಜ್ವರ ಅಂತ ಬಂದಿತ್ತು. ನಾನು ಕೋಟು ತೆಗೆದು ಮೂರು ಸುತ್ತು ತಿರುಗಿದ ಮೇಲೇ ಬಾಯಿ ತೆರೆದದ್ದು. ಇಪ್ಪತ್ತು ವರ್ಷ ಪ್ರಾಕ್ಟೀಸ್ ಮಾಡಿದೀನಿ ಮೇಡಂ, ಪೇಷಂಟು ನನ್ನನ್ನ ಪರೀಕ್ಷೆ ಮಾಡಿದ್ದು ಇದೇ ಮೊದಲು."

ಆರೂವರೆಗೆ ಇನ್ನೊಂದು ಫೋನು. ಒಂದು ಮಗುವಿನ ತಾಯಿ. ಅವರ ಮನೆಗೆ ಗಂಡನ ಚಿಕ್ಕಪ್ಪ ಎರಡು ಸೂಟ್‌ಕೇಸಿನೊಂದಿಗೆ ಬಂದಿಳಿದಾಗ ಮಗು ಬಾಗಿಲಿಗೆ ಅಡ್ಡ ನಿಂತು, "ನೀವು ಹತ್ರದ ನೆಂಟರಾ ದೂರದವರಾ? ಪಾತ್ರೆ ತೊಳೀತೀರಾ?" ಎಂದು ವಿಚಾರಣೆ ನಡೆಸಿತಂತೆ. ಚಿಕ್ಕಪ್ಪ ಸಿಟ್ಟಾಗಿ ಹಿಂದೆ ತಿರುಗಿ ಲಾಡ್ಜಿಗೆ ಹೋದರಂತೆ. ಮಗು ಬಾಲ ಇಲ್ಲದ್ದನ್ನು ಖಚಿತಪಡಿಸಿಕೊಂಡು ಕೂಗಿ ಕರೆಯುವಷ್ಟರಲ್ಲಿ ಆಟೋ ಹೊರಟೇ ಹೋಯಿತಂತೆ.

"ದಯವಿಟ್ಟು ಕ್ಷಮಿಸಿ," ಎಂದಳು ಅಕ್ಕ.

ಆ ತಾಯಿ ದನಿ ತಗ್ಗಿಸಿದರು. "ಕ್ಷಮೆ ಯಾಕೆ ಮಿಸ್? ಅವರು ಒಂದು ತಿಂಗಳು ಇರ್ತೀನಿ ಅಂತ ಬಂದಿದ್ರು. ಇಂಥ ಕಥೆ ಇನ್ನೂ ಇದ್ರೆ ಹೇಳಿಸಿ."

ಫೋನಿಟ್ಟು ಅಕ್ಕ ನನ್ನನ್ನು ದಿಟ್ಟಿಸಿದಳು. "ಕೊನೇಲಿ ಏನು ಹೇಳ್ದೆ ನೀನು?"

"ಗೊತ್ತಿದ್ದಷ್ಟನ್ನ ಸರಿಯಾಗೇ ಹೇಳ್ದೆ," ಎಂದೆ. ಭಾವನಿಗೆ ಕೆಮ್ಮು ಬಂತು.

ಬುಧವಾರ ಬೆಳಿಗ್ಗೆ ಶಿಶುವಿಹಾರದ ಗೇಟಿನಲ್ಲಿ ಕಾವಲು ಏರ್ಪಟ್ಟಿತ್ತು. ಮುಖ್ಯಸ್ಥೆ ಎರಡು ಜುಟ್ಟು. ಬರುವವರೆಲ್ಲ ಗೇಟಿನಾಚೆ ನಿಂತು ಒಂದು ಸುತ್ತು ತಿರುಗಬೇಕು. ಅಪ್ಪಂದಿರು ತಿರುಗಿದರು, ಹಾಲಿನವನು ತಿರುಗಿದ, ನಾನೂ ತಿರುಗಿದೆ. ಹೊಲಿದ ಪರದೆ ಕೊಡಲು ಬಂದ ಟೈಲರ್ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದರಿಂದ ಸ್ವಲ್ಪ ಚರ್ಚೆಯಾಯಿತು. ಬಾಲ ಯಾವತ್ತೂ ಹಿಂದೆ ಇರುತ್ತದೆ, ಇದು ಮುಂದಿದೆ ಎಂದು ತೀರ್ಮಾನವಾಗಿ ಅವನನ್ನು ಬಿಟ್ಟರು.

ಹತ್ತೂವರೆಗೆ ಅಧಿಕಾರಿ ಬಂದರು. ಮೊಣಕಾಲಿನವರೆಗೆ ಬೂದು ಬಣ್ಣದ ಕೋಟು, ಕನ್ನಡಕ, ಟೋಪಿ. ಕೊಠಡಿಗಳನ್ನು ಅಳೆಯಲು ತಂದ ಬಟ್ಟೆಯ ಟೇಪನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡಿದ್ದರು. ಅದರ ಕಂದು ತುದಿ ಕೋಟಿನ ಕೆಳಗೆ ಒಂದು ಗೇಣು ಇಳಿಬಿದ್ದಿತ್ತು.

"ಯಾರು ನೀವು?" ಎಂದಿತು ಎರಡು ಜುಟ್ಟು.

ಮಕ್ಕಳೊಡನೆ ಸಲಿಗೆಯಿಂದ ಮಾತಾಡಬೇಕು ಎಂದು ಇಲಾಖೆಯ ತರಬೇತಿಯಲ್ಲಿ ಹೇಳಿರಬೇಕು. ಅವರು ಬಗ್ಗಿ, ನಕ್ಕು, "ನಾನಾ? ನಿಮ್ಮ ದೂರದ ನೆಂಟ ಅಂತ ಅಂದ್ಕೊಳ್ಳಿ" ಎಂದರು.

ಎರಡು ಜುಟ್ಟು ಗೇಟಿನ ಸರಳನ್ನು ಬಿಗಿಯಾಗಿ ಹಿಡಿಯಿತು.

"ತಿರುಗಿ."

ಅವರು ತಿರುಗಿದರು.

ಮುಂದಿನ ಅರ್ಧ ನಿಮಿಷದಲ್ಲಿ ಇಪ್ಪತ್ತೆರಡು ಮಕ್ಕಳು ಮಾಡಿದ ಕೆಲಸವನ್ನು ನಾಲ್ಕು ಜನ ಆಳುಗಳು ಒಂದು ಗಂಟೆಯಲ್ಲಿ ಮಾಡಲಾರರು. ಗೇಟಿಗೆ ಬೀಗ ಬಿತ್ತು. ಬೀಗದ ಹಿಂದೆ ಹದಿನಾಲ್ಕು ಪುಟ್ಟ ಕುರ್ಚಿಗಳು, ಎರಡು ಮೇಜು, ಒಂದು ಮರದ ಕುದುರೆ ಬಂದು ನಿಂತವು. ಬೀಗದ ಕೈ ಎರಡು ಜುಟ್ಟಿನ ಜೇಬು ಸೇರಿತು. ಅಕ್ಕ ಓಡಿ ಬಂದಾಗ ಮಕ್ಕಳು ಅವಳ ಸೆರಗು ಹಿಡಿದು ಎಳೆದರು.

"ತೆಗೀಬೇಡಿ ಮಿಸ್. ಕೋಟಿದೆ, ಬಾಲ ಇದೆ. ದೂರದ ನೆಂಟ ಅಂತ ಅದೇ ಬಾಯಿಬಿಟ್ಟು ಹೇಳ್ತು."

"ಮೇಡಂ, 'ಅದು' ಅಂತಿದಾರೆ ನನ್ನನ್ನ," ಎಂದರು ಅಧಿಕಾರಿ.

ಅಧಿಕಾರಿ ನೋಡುತ್ತಿರುವಾಗ ಮಗುವಿನ ಜೇಬಿಗೆ ಕೈ ಹಾಕಿ ಬೀಗದ ಕೈ ಕಸಿದುಕೊಳ್ಳುವಂತಿರಲಿಲ್ಲ. ಅಕ್ಕ ನನ್ನನ್ನು ಮುಂದೆ ತಳ್ಳಿದಳು. "ನೀನು ಹೇಳಿದ ಕಥೆ, ನೀನೇ ಸರಿಮಾಡು."

ನಾನು ಗಂಟಲು ಸರಿಮಾಡಿಕೊಂಡೆ. "ಮಕ್ಕಳೇ, ಅದು ಬಾಲ ಅಲ್ಲ. ಅಳತೆ ಟೇಪು. ಇವರು ನರಿ ಅಲ್ಲ."

"ಖಂಡಿತಾನಾ ಮಾಮ?"

ನಾನು ಅಧಿಕಾರಿಯನ್ನು ಮೇಲಿನಿಂದ ಕೆಳಗೆ ನೋಡಿದೆ. "ನರಿ ಆಗಿರೋ ಸಾಧ್ಯತೆ ತುಂಬಾ ತುಂಬಾ ಕಡಿಮೆ."

"ಶೂನ್ಯ ಅನ್ನೋ," ಎಂದಳು ಅಕ್ಕ ಹಲ್ಲು ಕಚ್ಚಿ. ಆದರೆ ಮಕ್ಕಳು ಆಗಲೇ ಇನ್ನೆರಡು ಕುರ್ಚಿ ತಂದಿದ್ದರು.

ಟೈಲರ್ ತನ್ನ ಅಂಗಡಿಯಿಂದಲೇ ಸಲಹೆ ಕೊಟ್ಟ. "ಸಾರ್, ಟೇಪನ್ನ ಕೊರಳಿಗೆ ಹಾಕ್ಕೊಳ್ಳಿ. ನನ್ನನ್ನ ಹಾಗೇ ಬಿಟ್ಟಿದ್ದು."

"ನಾನು ಇಲಾಖೆಯವನು ಕಣ್ರೀ."

"ಅದನ್ನ ಮಾತ್ರ ಹೇಳ್ಬೇಡಿ ಸಾರ್. ಅನುಮಾನ ಜಾಸ್ತಿಯಾಗತ್ತೆ."

ಅಧಿಕಾರಿ ಜೇಬಿನಿಂದ ಟೇಪು ಎಳೆದು ಕೊರಳಿಗೆ ಸುತ್ತಿಕೊಂಡರು. "ಬಾಲಾನ ಕಿತ್ತು ಮುಂದಕ್ಕೆ ಹಾಕ್ಕೊಳ್ತು," ಎಂದು ಒಳಗಿನಿಂದ ವರದಿಯಾಯಿತು. ಮರದ ಕುದುರೆಯ ಮೇಲೆ ಇನ್ನೊಂದು ಮರದ ಕುದುರೆ ಬಂತು.

ಇಪ್ಪತ್ತೈದು ನಿಮಿಷವಾಯಿತು. ರಸ್ತೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಅಧಿಕಾರಿ ಕಡತ ತೆರೆದು, ಗೇಟಿನ ಕಂಬಕ್ಕೆ ಒತ್ತಿ ಹಿಡಿದು, 'ಸಂಸ್ಥೆಯು ತಪಾಸಣೆಗೆ ಪ್ರವೇಶ ನಿರಾಕರಿಸಿದ್ದು' ಎಂದು ಬರೆಯತೊಡಗಿದರು. ಅಕ್ಕನ ಕಣ್ಣು ತುಂಬಿತು. "ಹನ್ನೆರಡು ವರ್ಷ ಕಣೋ," ಎಂದಳು. ಅಷ್ಟೇ ಅಂದದ್ದು.

ನಾನು ಸೋತೆ. "ಅಕ್ಕ, ಕಥೆಯ ಕೊನೆ ನನಗೆ ಗೊತ್ತಿಲ್ಲ. ಏಳನೇ ಸ್ಲೇಟನ್ನ ಭಾವ ಒರೆಸಿದ್ರು."

ಅಕ್ಕ ಆ ಬಗ್ಗೆ ಆಮೇಲೆ ಮಾತಾಡುವವಳಂತೆ ತಲೆಯಾಡಿಸಿ, ಮನೆಗೆ ಫೋನು ಮಾಡಿದಳು. ಆ ಕಡೆ ಎತ್ತಿದವರು ಏನೂ ಮಾತಾಡಲಿಲ್ಲವಾದ್ದರಿಂದ ಅದು ಅಮ್ಮನೇ ಎಂದು ತಿಳಿಯಿತು. "ಸ್ಲೇಟು ತಗೊಂಡು ಬಾಮ್ಮ," ಎಂದಳು ಅಕ್ಕ.

ಅಮ್ಮ ನಾಲ್ಕೇ ನಿಮಿಷದಲ್ಲಿ ಬಂದಳು. ಕಂಕುಳಲ್ಲಿ ಸ್ಲೇಟು, ಹಿಂದೆ ಪ್ಲಂಬರನಿಗಾಗಿ ಮನೆಯಲ್ಲೇ ಉಳಿದಿದ್ದ ಭಾವ. ಅವಳು ಕುರ್ಚಿಗಳನ್ನು ನೋಡಿದಳು, ಕುದುರೆಗಳನ್ನು ನೋಡಿದಳು, ಅಧಿಕಾರಿಯ ಕೊರಳಿನ ಟೇಪು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ವಿವರಣೆ ಬೇಕಾಗಲಿಲ್ಲ. ಗೇಟಿನಾಚೆ ಅಧಿಕಾರಿಯ ಪಕ್ಕದಲ್ಲೇ ನಿಂತು ಬರೆಯತೊಡಗಿದಳು. ನಾನು ಗೇಟಿನ ಸರಳುಗಳ ನಡುವಿನಿಂದ ನೋಡಿ, ಮಕ್ಕಳಿಗೆ ಗಟ್ಟಿಯಾಗಿ ಓದಿದೆ.

"ಅಜ್ಜಿ ಬಾಲ ನೋಡಿದಳು. ಹೆದರಲಿಲ್ಲ. 'ಇಷ್ಟು ಒಳ್ಳೇ ಬಾಲ ಇಟ್ಕೊಂಡು ಸುಮ್ನೆ ಕೂತು ತಿಂತೀಯಲ್ಲೋ' ಅಂದಳು."

ಅಮ್ಮ ಒರೆಸಿ ಮತ್ತೆ ಬರೆದಳು.

"'ಅಂಗಳ ಗುಡಿಸು. ಗುಡಿಸಿದ್ರೆ ನೀನೂ ನಮ್ಮನೆಯವನೇ, ಬಾಲ ಇದ್ರೆ ಇರ್ಲಿ' ಅಂದಳು. ನರಿ ಬಾಲದಿಂದ ಅಂಗಳವನ್ನೆಲ್ಲ ಗುಡಿಸಿತು. ಮೂವರೂ ಒಟ್ಟಿಗೆ ಕೂತು ಉಂಡರು. ನರಿಗೆ ಸೊಂಟ ನೋವು ಬಂತು, ನಮ್ಮ ಕಥೆ ಮುಗೀತು."

ಇಪ್ಪತ್ತೆರಡು ಮಕ್ಕಳು ನಿನ್ನೆ ಹನ್ನೊಂದೂವರೆಗೆ ಹಿಡಿದ ಉಸಿರನ್ನು ಈಗ ಬಿಟ್ಟರು. ಎರಡು ಜುಟ್ಟು ಹಿತ್ತಲಿಗೆ ಹೋಗಿ ಅಂಗಳದ ಪೊರಕೆ ತಂದು, ಸರಳುಗಳ ನಡುವಿನಿಂದ ಅಧಿಕಾರಿಗೆ ಚಾಚಿದಳು.

ಅಧಿಕಾರಿ ಪೊರಕೆ ನೋಡಿದರು. ರಸ್ತೆಯಲ್ಲಿದ್ದ ಜನರನ್ನು ನೋಡಿದರು. "ಅಮ್ಮಾ, ನಾನು ಬಂದದ್ದು ತಪಾಸಣೆಗೆ," ಎಂದರು ಮೆಲ್ಲಗೆ.

ಅಮ್ಮ ಒಂದೇ ಪದ ಬರೆದಳು: 'ಗುಡಿಸಿ.'

ಅವರು ಕಡತವನ್ನು ಟೈಲರ್ ಕೈಗೆ ಕೊಟ್ಟು, ಕೋಟಿನ ತೋಳು ಮಡಿಸಿ, ಗೇಟಿನ ಮುಂದೆ ಗುಡಿಸಿದರು. ಮಕ್ಕಳು ಪೊರಕೆಯ ಒಂದೊಂದು ಬೀಸನ್ನೂ ಎಣಿಸಿದರು. ಅಮ್ಮ ಒಂದು ಮೂಲೆ ಬಿಟ್ಟುಹೋದದ್ದನ್ನು ಬೆರಳಿನಿಂದ ತೋರಿಸಿದಳು. ಅವರು ಅದನ್ನೂ ಗುಡಿಸಿ, ಸೊಂಟ ಹಿಡಿದುಕೊಂಡು ನೆಟ್ಟಗಾದರು. ಅದನ್ನು ನೋಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಬೀಗದ ಕೈ ಹೊರಗೆ ಬಂತು.

ಒಳಗೆ ಅವರಿಗೆ ರಾಜಮರ್ಯಾದೆ ಸಿಕ್ಕಿತು. ಟೇಪಿನ ಒಂದು ತುದಿ ಅವರು ಹಿಡಿದರೆ ಇನ್ನೊಂದು ತುದಿಯನ್ನು ಹನ್ನೊಂದು ಮಕ್ಕಳು ಹಿಡಿದರು. ಕೊಠಡಿಯ ಉದ್ದ ಮೂರು ಸಲ ಅಳೆದು ಮೂರು ಉತ್ತರ ಬಂದವು. ಕೊಟ್ಟ ಹಾಲು ಕುಡಿದು, ಸುತ್ತ ಕೂತವರ ಮುಖ ನೋಡಿ, ಲೋಟವನ್ನು ತಾವೇ ತೊಳೆದಿಟ್ಟರು.

ಹೊರಡುವ ಮುನ್ನ ಅವರು ಕಡತ ತೆರೆದಾಗ ನಾನು ನನ್ನ ಹಾಳೆಯನ್ನು ಮುಂದಿಟ್ಟೆ. "ಸಾರ್, ಆಧಾರ. ನಲವತ್ತೊಂದರಿಂದ ಸೊನ್ನೆಗೆ."

ಅವರು ಅದನ್ನು ಓದದೆ ನಾಲ್ಕಾಗಿ ಮಡಚಿ ನನಗೇ ಕೊಟ್ಟರು. ಗೇಟಿನ ಬಳಿ ಬರೆದ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಹೀ​ಗೆ ಬರೆದರು: 'ಅಜ್ಜಿ ಕಥೆಗಳಿಂದ ಮಕ್ಕಳ ಮೇಲೆ ಪರಿಣಾಮವಾಗುತ್ತದೆ. ತಪಾಸಣಾಧಿಕಾರಿ ಖುದ್ದಾಗಿ ಅನುಭವಿಸಿದ್ದಾರೆ. ಪರವಾನಗಿ ನವೀಕರಿಸಬಹುದು. ಸೂಚನೆ: ಆರಂಭಿಸಿದ ಕಥೆಯನ್ನು ಅದೇ ದಿನ ಹೇಳಿ ಮುಗಿಸತಕ್ಕದ್ದು.'

"ಮತ್ತೆ ಬನ್ನಿ," ಎಂದು ಎರಡು ಜುಟ್ಟು ಗೇಟಿನವರೆಗೆ ಕಳಿಸಿಕೊಟ್ಟಳು. "ಬಾಲಾನೂ ತನ್ನಿ."

ಆ ಮಧ್ಯಾಹ್ನ ನಾನೂ ಭಾವನೂ ಪ್ಲಂಬರನನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಮನೆಗೆ ಬಂದಾಗ ಬಾಗಿಲು ಹಾಕಿತ್ತು. ಕಿಟಕಿಯಲ್ಲಿ ಪುಟ್ಟಿ, ಅವಳ ಹಿಂದೆ ಅಮ್ಮ. ನಾವು ಕೇಳುವ ಮೊದಲೇ ಇಬ್ಬರೂ ಒಂದು ಸುತ್ತು ತಿರುಗಿದೆವು. ಬಾಗಿಲು ತೆರೆಯಲಿಲ್ಲ. ಕಿಟಕಿಯ ಕಂಬಿಗಳ ನಡುವಿನಿಂದ ಒಂದು ಪೊರಕೆ ಹೊರಗೆ ಬಂತು. ಅದರ ಹಿಂದೆಯೇ ಇನ್ನೊಂದು.

ಎಷ್ಟು ಹೊತ್ತು ಗುಡಿಸಬೇಕು ಎಂದು ಸ್ಲೇಟಿನಲ್ಲಿ ಬರೆದಿರಲಿಲ್ಲ. ನಾವು ಕೇಳಲೂ ಹೋಗಲಿಲ್ಲ. ಅಮ್ಮನ ಗಂಟಲಿಗೆ ಇನ್ನೂ ಎರಡು ದಿನ ವಿಶ್ರಾಂತಿ ಬೇಕಾಗಿತ್ತು.